ಹಳೆ ಪುಸ್ತಕದೊಳಗಿನ ಚೀಟಿ: ಓದುಗರ ಪ್ರಶ್ನೆ, ತಿಳಿದವರ ಉತ್ತರ

ಅಟ್ಟದಿಂದ ಇಳಿಸಿದ ಪಾರಾಯಣದ ಪುಸ್ತಕ, ಓಲೆಗರಿಯ ಕಟ್ಟು, ಮನೆತನದ ಬೈಬಲು. ಇವುಗಳೊಳಗೆ ಸಿಕ್ಕಿದ ಕೈಬರಹದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ. ಹೆಚ್ಚಿನವು ಕಾಸರಗೋಡು ಸೀಮೆಯವು, ಒಂದು ಮಹಾರಾಷ್ಟ್ರದ ಗಡಿಯೂರು ಜತ್ತ ಕಡೆಯದು. ಬರೆದವರ ಊರು ಮಾತ್ರ ಕೊಟ್ಟಿದ್ದೇವೆ.

ನೀರ್ಚಾಲಿನಿಂದ: ಅಜ್ಜನ ಪಾರಾಯಣದ ಭಾರತ ಪುಸ್ತಕದ ನಡುವೆ ನಾಲ್ಕು ಮಡಿಕೆಯ ಕಾಗದವೊಂದನ್ನು ಪುಟಕ್ಕೆ ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದಾರೆ. ಸೂಜಿ ತುಕ್ಕು ಹಿಡಿದು ಅಂಟಿದೆ. ಕಾಗದ ಬಿಡಿಸಹೋದರೆ ಮಡಿಕೆಯಲ್ಲಿ ಚಟಚಟ ಅನ್ನುತ್ತದೆ. ಹೇಗೆ ತೆಗೆಯುವುದು?

ಉತ್ತರ: ಕೈ ಹಾಕುವ ಮೊದಲು ಮೂರು ಫೋಟೋ ತೆಗೆಯಿರಿ: ಪುಸ್ತಕದ ಮುಖಪುಟ, ಚೀಟಿ ಇದ್ದಂತೆಯೇ ತೆರೆದ ಎರಡು ಪುಟ, ಚೀಟಿಯದ್ದು ಹತ್ತಿರದಿಂದ. ಪಕ್ಕದಲ್ಲೊಂದು ಶಾಲೆಮಕ್ಕಳ ಅಡಿಪಟ್ಟಿ ಇರಲಿ, ಅಳತೆ ಅದರಿಂದಲೇ ಗೊತ್ತಾಗುತ್ತದೆ. ಪುಟಸಂಖ್ಯೆ, ಸಂಧಿಯ ಹೆಸರು, ಆ ಪುಟದ ಮೊದಲ ಪದ್ಯದ ಮೊದಲ ಸಾಲು, ಇವಿಷ್ಟನ್ನು ಬೇರೆ ಹಾಳೆಯಲ್ಲಿ ಸೀಸದ ಕಡ್ಡಿಯಿಂದ ಬರೆದಿಡಿ. ಚೀಟಿ ಯಾವ ಪುಟದಲ್ಲಿತ್ತು ಎಂಬುದು ಕೈತಪ್ಪಿದರೆ ಅದರ ಅರ್ಧ ಅರ್ಥ ಹೋಯಿತು. ಪಾರಾಯಣ ಅಲ್ಲಿಗೆ ನಿಂತಿತ್ತೋ, ಆ ಪ್ರಸಂಗ ಓದಿಸಿದ ಕಾರಣ ಬರೆದಿಟ್ಟರೋ, ಬರಿದೇ ಗುರುತಿಗೆ ಸಿಕ್ಕಿಸಿದ್ದೋ ಅಂತ ಹೇಳುವುದು ಆ ಪುಟವೇ. ಬಹಳ ಮಂದಿ ಚೀಟಿಗಳನ್ನೆಲ್ಲ ಕೊಡವಿ ಒಂದು ಲಕೋಟೆಗೆ ತುಂಬಿ, ಆಮೇಲೆ ಪತ್ರ ಬರೆದು ಕೇಳುತ್ತಾರೆ. ಆಗ ಹೇಳಬಹುದಾದದ್ದು ತುಂಬ ಕಡಿಮೆ.

ಇನ್ನು ಸೂಜಿ. ತಲೆ ಹಿಡಿದು ಎಳೆಯಬೇಡಿ. ತುಕ್ಕು ನಾರಿನೊಳಗೆ ಇಳಿದಿರುವುದರಿಂದ ಸೂಜಿಯ ಜತೆ ಕಾಗದವೂ ಕಿತ್ತು ಬರುತ್ತದೆ. ಗಟ್ಟಿ ಪ್ಲಾಸ್ಟಿಕ್ ಹಾಳೆಯ (ಫೈಲಿನ ಮೇಲ್ಹೊದಿಕೆ ಆಗುತ್ತದೆ) ಎರಡು ಸಣ್ಣ ತುಂಡು ಕತ್ತರಿಸಿ, ಸೂಜಿಗೂ ಕಾಗದಕ್ಕೂ ನಡುವೆ ಮೇಲೊಂದು ಕೆಳಗೊಂದು ಮೆಲ್ಲನೆ ತೂರಿಸಿ. ಪ್ಲಾಸ್ಟಿಕ್ ಹಿಂದೆ ಮುಂದೆ ಸರಿದಾಡುವಾಗ ತುಕ್ಕಿನ ಹಿಡಿತ ಬಿಡುತ್ತದೆ. ಆಮೇಲೆ ಸಣ್ಣ ಕಟಿಂಗ್ ಪ್ಲೇಯರಿನಿಂದ ಸೂಜಿಯನ್ನು ನಡುವಿಗೆ ಕತ್ತರಿಸಿ, ಎರಡೂ ತುಂಡನ್ನು ಅದರದರ ಬದಿಗೆ ಎಳೆದು ತೆಗೆಯಿರಿ. ಜೆಮ್ ಕ್ಲಿಪ್ ಆದರೆ ಕತ್ತರಿಸುವುದು ಬೇಡ, ಒಂದು ಕಾಲನ್ನು ಪ್ಲಾಸ್ಟಿಕ್ ಮೇಲೆ ಒತ್ತಿ ಹಿಡಿದು ಇನ್ನೊಂದನ್ನು ಎತ್ತಿದರೆ ಸಾಕು. ಉಳಿದ ತುಕ್ಕಿನ ಕಲೆ ಅಲ್ಲೇ ಇರಲಿ. ಬಟ್ಟೆಗೆ ಹಾಕುವ ಹಾಗೆ ಲಿಂಬೆರಸ ಹಾಕಿದರೆ ಕಲೆ ಮಾಸುವುದು ಹೌದು, ಆದರೆ ಕೆಲವು ವರ್ಷಕ್ಕೆ ಹುಳಿ ಆ ಜಾಗವನ್ನು ತಿಂದು ತೂತು ಮಾಡುತ್ತದೆ.

ಮಡಿಕೆ ಚಟಚಟ ಅನ್ನುವುದು ಕಾಗದ ಒಣಗಿ ಬಿರುಸಾದ ಲಕ್ಷಣ. ನಮ್ಮ ಕಡೆ ಇದಕ್ಕೆ ಸುಲಭದ ಉಪಾಯ ಆಟಿಯ ಮಳೆ. ಜುಲೈ, ಆಗಸ್ಟಿನಲ್ಲಿ ಕೋಣೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಒಂದು ರಾತ್ರಿ ಇಟ್ಟರೆ ಗಾಳಿಯ ಪಸೆಗೇ ಕಾಗದ ಮೆತ್ತಗಾಗುತ್ತದೆ. ಬೇಸಗೆಯಾದರೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದ ತಳಕ್ಕೆ ಒದ್ದೆ ಮಾಡಿ ಹಿಂಡಿದ ಸ್ಪಂಜು, ಅದರ ಮೇಲೆ ನೀರು ತಾಗದ ಹಾಗೆ ಜಾಲರಿ, ಜಾಲರಿಯ ಮೇಲೆ ಕಾಗದ. ಅರ್ಧ ಗಂಟೆಗೊಮ್ಮೆ ನೋಡಿ, ಎರಡರಿಂದ ನಾಲ್ಕು ಗಂಟೆ ಸಾಕು. ಬಗ್ಗುತ್ತದೆ ಅನಿಸಿದ ಮೇಲೆ ಒಂದೊಂದೇ ಮಡಿಕೆ ಬಿಡಿಸಿ, ಎರಡು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಹಗುರದ ಪುಸ್ತಕ ಹೇರಿ ಒಂದು ದಿನ ಬಿಡಿ. ನಡುವೆ ಒಮ್ಮೆ ಬ್ಲಾಟಿಂಗ್ ಪೇಪರ್ ಬದಲಾಯಿಸಿ. ಒಂದು ಎಚ್ಚರಿಕೆ: ಬರಹ ನೇರಳೆ ಬಣ್ಣದ್ದಾದರೆ ಡಬ್ಬದ ಉಪಾಯವೂ ಬೇಡ, ಮಳೆಗಾಲದ ಉಪಾಯವೂ ಬೇಡ. ಏಕೆಂದು ಕುಂಬಳೆಯವರ ಪತ್ರಕ್ಕೆ ಕೊಟ್ಟ ಉತ್ತರದಲ್ಲಿದೆ.

ಪೆರ್ಲದಿಂದ: ರಾಮಾಯಣ ಪುಸ್ತಕದ ರಟ್ಟಿನ ಒಳಬದಿಯಲ್ಲಿ ‘ರಕ್ತಾಕ್ಷಿ ಸಂ|| ಕರ್ಕಾಟಕ ಮಾಸ 3 ಸಲುವ ಶುಕ್ರವಾರ, ಕೊಲ್ಲಂ 1099, ಹೊಳೆ ಬಂದು ಅಂಗಳಕ್ಕೆ ನೀರು’ ಅಂತ ಇದೆ. ಕೆಳಗೆ ಬೇರೆ ಕೈಯಲ್ಲಿ ‘ಫಸಲಿ 1334’. ಇಂಗ್ಲಿಷ್ ತಾರೀಕು ಯಾವುದು?

ಉತ್ತರ: ಬರೆದವರು ಪುಣ್ಯವಂತರು, ಒಂದಕ್ಕೊಂದು ತಾಳೆ ನೋಡಲು ಮೂರು ಲೆಕ್ಕ ಬಿಟ್ಟುಹೋಗಿದ್ದಾರೆ.

ಮೊದಲು ಸಂವತ್ಸರ. ಅರುವತ್ತು ಹೆಸರುಗಳ ಚಕ್ರದಲ್ಲಿ ಮೊದಲನೆಯ ಪ್ರಭವ ಬಂದದ್ದು 1867, 1927, 1987ರಲ್ಲಿ. ನಿಮಗೆ ಬೇಕಾದ ಹೆಸರು ಎಷ್ಟನೆಯದೋ ಅದರಲ್ಲಿ ಒಂದು ಕಳೆದು ಈ ಇಸವಿಗಳಿಗೆ ಕೂಡಿ. ರಕ್ತಾಕ್ಷಿ 58ನೆಯದು. 1867ಕ್ಕೆ 57 ಕೂಡಿದರೆ 1924, 1927ಕ್ಕೆ ಕೂಡಿದರೆ 1984. ಸಂವತ್ಸರ ಒಂದರಿಂದಲೇ ಇವೆರಡರಲ್ಲಿ ಯಾವುದೆಂದು ತೀರ್ಮಾನಿಸಲಾಗದು.

ಕೊಲ್ಲಂ ಅಂದರೆ ಮಲಯಾಳ ನಾಡಿನ ವರ್ಷಗಣನೆ. ಆ ಇಸವಿಗೆ ಆಗಸ್ಟ್ ಮಧ್ಯದಿಂದ ಡಿಸೆಂಬರ್ ಕೊನೆವರೆಗೆ 824, ಜನವರಿಯಿಂದ ಮುಂದಕ್ಕೆ 825 ಕೂಡಬೇಕು. ಕರ್ಕಾಟಕ ಬರುವುದು ಜುಲೈ ಮಧ್ಯದಿಂದ, ಆದ್ದರಿಂದ 1099ಕ್ಕೆ 825 ಕೂಡಿ 1924. ಹಳೆಯ ಉತ್ತರ ಮಲಬಾರಿನಲ್ಲಿ ಕೊಲ್ಲಂ ವರ್ಷ ಸಿಂಹ ಮಾಸದಲ್ಲಲ್ಲ, ಕನ್ಯಾ ಮಾಸದಲ್ಲಿ ಶುರುವಾಗುತ್ತಿತ್ತು. ಸಿಂಹ ಮಾಸದ ಬರಹಗಳಲ್ಲಿ ಇದರಿಂದ ಒಂದು ವರ್ಷದ ಎಡವಟ್ಟು ಆಗುತ್ತದೆ. ನಿಮ್ಮದು ಕರ್ಕಾಟಕ, ತೊಂದರೆ ಇಲ್ಲ.

ಫಸಲಿ ಮದ್ರಾಸ್ ಸರಕಾರದ ಕಂದಾಯ ವರ್ಷ, ಜುಲೈ 1ಕ್ಕೆ ಶುರು. 590 ಕೂಡಿದರೆ ಅದು ಆರಂಭವಾಗುವ ಇಸವಿ ಸಿಗುತ್ತದೆ: 1334 ಅಂದರೆ 1924ರ ಜುಲೈಯಿಂದ 1925ರ ಜೂನ್. ಕಾಸರಗೋಡು 1956ರ ನವೆಂಬರ್ ತನಕ ದಕ್ಷಿಣ ಕನ್ನಡ ಜಿಲ್ಲೆಯದ್ದೇ ತಾಲೂಕು. ಅದಕ್ಕೇ ಈ ಕಡೆಯ ಮನೆಗಳಲ್ಲಿ ಕೊಲ್ಲಂ, ಫಸಲಿ, ಸಂವತ್ಸರ ಮೂರೂ ಒಂದೇ ಹಾಳೆಯಲ್ಲಿ ಸಿಗುವುದು.

ಕೊನೆಗೆ ವಾರ. ‘3 ಸಲುವ’ ಎಂದರೆ ಸಂಕ್ರಮಣದಿಂದ ಎಣಿಸಿದ ಮೂರನೆಯ ದಿನ. 1924ರ ಜುಲೈ 18 ಶುಕ್ರವಾರವೇ. 1984ರಲ್ಲಿ ಅದೇ ತಾರೀಕು ಬುಧವಾರ. ವಾರ ತಾಳೆಯಾಗದಿದ್ದರೆ ಉಳಿದ ಲೆಕ್ಕವನ್ನು ನಂಬಬೇಡಿ, ಎಲ್ಲೋ ಒಂದು ಅಂಕೆ ತಪ್ಪು ಓದಿದ್ದೀರಿ. ಹಳೆ ಕೈಬರಹದಲ್ಲಿ ಕನ್ನಡ ಅಂಕೆಗಳಾದ ೬ ಮತ್ತು ೯, ೧ ಮತ್ತು ೦ ಬಹಳ ಮೋಸ ಮಾಡುತ್ತವೆ. ಅಂದಹಾಗೆ ಕೇರಳದವರು ‘ತೊಂಬತ್ತೊಂಬತ್ತರ ನೆರೆ’ ಅನ್ನುವುದು ಇದೇ 1099ರ ಕರ್ಕಾಟಕದ ನೆರೆಯನ್ನು.

ಬದಿಯಡ್ಕದಿಂದ: ಭಾಗವತ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಲೆಕ್ಕ. ‘12 || =’ ಅಂತ ಒಂದು ಕಡೆ, ‘ಮು 5 ಕ 2 ಸೇ 6’ ಅಂತ ಇನ್ನೊಂದು ಕಡೆ. ‘ಚಿ||’, ‘ಬಿನ್’, ‘ಬ||’ ಅಂತಲೂ ಬರುತ್ತದೆ. ಗುಪ್ತಲಿಪಿಯೋ ಅಂತ ಮಕ್ಕಳಿಗೆ ಕುತೂಹಲ.

ಉತ್ತರ: ಗುಪ್ತ ಏನೂ ಇಲ್ಲ, ಆಗಿನ ಐಗಳ ಶಾಲೆಯಲ್ಲಿ ಕಲಿತ ಪ್ರತಿಯೊಬ್ಬರಿಗೂ ಗೊತ್ತಿದ್ದ ಬರವಣಿಗೆ. ನಿಂತ ಗೀಟು ಒಂದೊಂದೂ ಕಾಲು, ಮಲಗಿದ ಗೀಟು ಒಂದೊಂದೂ ಕಾಲಿನ ಕಾಲು, ಅಂದರೆ ಹದಿನಾರರಲ್ಲಿ ಒಂದು. ರೂಪಾಯಿಗೆ 16 ಆಣೆ ಇದ್ದುದರಿಂದ ನಿಂತ ಗೀಟು 4 ಆಣೆ, ಮಲಗಿದ ಗೀಟು 1 ಆಣೆ. ಹಾಗಾಗಿ ನಿಮ್ಮದು 12 ರೂಪಾಯಿ 10 ಆಣೆ. ಗೀಟುಗಳು ಮೂರಕ್ಕಿಂತ ಹೆಚ್ಚು ಬರುವುದಿಲ್ಲ, ನಾಲ್ಕಾದರೆ ಮೇಲಿನ ಸ್ಥಾನಕ್ಕೆ ಹೋಗುತ್ತದೆ. ‘12-10-6’ ಎಂಬ ರೀತಿಯೂ ಸಿಗಬಹುದು, ಅದು ರೂಪಾಯಿ, ಆಣೆ, ಪೈ. ಆಣೆಗೆ 12 ಪೈ. 1957ರ ಏಪ್ರಿಲ್ 1ಕ್ಕೆ ನೂರು ನಯಾಪೈಸೆ ಬಂತು. ಆಣೆಯ ಲೆಕ್ಕ ಅದಕ್ಕಿಂತ ಹಿಂದಿನದು ಅನ್ನಬಹುದಾದರೂ ಬಾಯಿಲೆಕ್ಕದಲ್ಲಿ ಆಣೆ ಎಷ್ಟೋ ವರ್ಷ ಉಳಿದಿತ್ತು ಎಂಬುದು ನೆನಪಿರಲಿ.

ಎರಡನೆಯದು ಅಕ್ಕಿ: ಮುಡಿ, ಕಳಸೆ, ಸೇರು. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಆ ಪ್ರಕಾರ 210, 28, 6 ಸೇರಿ 244 ಸೇರು. ಮುಡಿಯ ಅಳತೆ ಎಲ್ಲ ಕಡೆ ಒಂದೇ ಇರಲಿಲ್ಲ, ಗೇಣಿಯ ಮುಡಿಗೂ ಅಂಗಡಿಯ ಮುಡಿಗೂ ವ್ಯತ್ಯಾಸ ಇರುತ್ತಿತ್ತು. ಅದೇ ಹಾಳೆಯಲ್ಲಿ ಎಲ್ಲಾದರೂ ಮೊತ್ತ ಹಾಕಿದ್ದರೆ ಅದನ್ನು ಬಿಡಿಸಿ ನೋಡಿ, ಆ ಮನೆಯ ಮುಡಿ ಎಷ್ಟು ಸೇರಿನದು ಅಂತ ಅಲ್ಲೇ ಸಿಗುತ್ತದೆ.

‘ಚಿ||’ ಚಿರಂಜೀವಿ, ‘ಬಿನ್’ ಇಂಥವರ ಮಗ, ‘ಕೋಂ’ ಇಂಥವರ ಹೆಂಡತಿ, ‘ಶು||’ ಶುದ್ಧ, ‘ಬ||’ ಬಹುಳ, ‘ಮ||ರಾ||’ ಮಹಾರಾಜ. ಕೊನೆಯದನ್ನು ಕಂಡು ನಮ್ಮ ಮನೆತನಕ್ಕೆ ಅರಸುತನ ಇತ್ತು ಅಂತ ಹಿಗ್ಗುವುದು ಬೇಡ. ಸಾದಾ ಪತ್ರವ್ಯವಹಾರದ ಮರ್ಯಾದೆ ಅದು, ಬಡ್ಡಿ ಕೇಳುವ ಕಾಗದದಲ್ಲೂ ಬರೆಯುತ್ತಿದ್ದರು.

ಮುಳ್ಳೇರಿಯದಿಂದ: ಓಲೆಗರಿಯ ಕಟ್ಟಿನಲ್ಲಿ ಪ್ರತಿ ಗರಿಯ ಎಡ ಅಂಚಿಗೆ ‘ನ, ನ್ನ, ನ್ಯ, ಷ್ಕ್ರ, ಝ್ರ’ ಅಂತ ಕೊರೆದಿದೆ. ಕೊನೆಯ ಗರಿಯಲ್ಲಿ ಸೊಂಟ ಮುರಿದ, ದೃಷ್ಟಿ ನಿಂತ ಮಾತು ಬರುತ್ತದೆ. ಬೀಜಾಕ್ಷರ, ಶಾಪ ಎಲ್ಲ ಇದೆ, ಕಟ್ಟು ಮನೆಯಲ್ಲಿಡಬೇಡಿ ಅಂತ ಒಬ್ಬರು ಹೆದರಿಸಿದ್ದಾರೆ. ಹೌದೇ?

ಉತ್ತರ: ಧಾರಾಳ ಇಟ್ಟುಕೊಳ್ಳಿ. ನ, ನ್ನ, ನ್ಯ, ಷ್ಕ್ರ, ಝ್ರ, ಹಾ, ಗ್ರ, ಪ್ರ, ದ್ರೇ, ಮ ಇವು ಒಂದರಿಂದ ಹತ್ತರ ತನಕದ ಅಂಕೆ. ಮಲಯಾಳ ನಾಡಿನ ಓಲೆಗ್ರಂಥಗಳಲ್ಲಿ ಗರಿಗೆ ಸಂಖ್ಯೆ ಹಾಕುವ ಪದ್ಧತಿ ಇದು. ಹನ್ನೊಂದು ‘ಮನ’, ಹನ್ನೆರಡು ‘ಮನ್ನ’. ಹುರಿ ಬಿಚ್ಚಿ ಗರಿ ಚದರಿದ್ದರೆ ಈ ಅಕ್ಷರ ಹಿಡಿದೇ ಜೋಡಿಸಿ, ‘ನ್ಯ’ ಆದ ಕೂಡಲೇ ‘ಝ್ರ’ ಬಂದರೆ ನಡುವೆ ಒಂದು ಗರಿ ಹೋಗಿದೆ.

ಕೊನೆಯ ಗರಿಯದ್ದು ಲಿಪಿಕಾರನ ಶ್ಲೋಕ, ದೇಶದುದ್ದಕ್ಕೂ ಹಸ್ತಪ್ರತಿಗಳಲ್ಲಿ ಸಿಗುತ್ತದೆ: ‘ಭಗ್ನಪೃಷ್ಠಕಟಿಗ್ರೀವಃ ಸ್ತಬ್ಧದೃಷ್ಟಿರಧೋಮುಖಃ, ಕಷ್ಟೇನ ಲಿಖಿತಂ ಗ್ರಂಥಂ ಯತ್ನೇನ ಪರಿಪಾಲಯೇತ್’. ಬೆನ್ನು, ಸೊಂಟ, ಕತ್ತು ನೋಯಿಸಿಕೊಂಡು, ಕಣ್ಣು ನೆಟ್ಟು, ತಲೆ ಬಗ್ಗಿಸಿ ಕಷ್ಟದಲ್ಲಿ ಬರೆದಿದ್ದೇನೆ, ಜೋಪಾನ ಮಾಡಿ ಅಂತ ಕೇಳಿಕೊಂಡದ್ದು. ಸೊಂಟ ಮುರಿದದ್ದು ಬರೆದವನದೇ, ಓದುವವನದಲ್ಲ. ಇದರ ಆಚೀಚೆ ಅವನ ಹೆಸರು, ಊರು, ಬರೆದು ಮುಗಿಸಿದ ದಿನ ಇರುವುದುಂಟು, ಅದನ್ನು ಹುಡುಕಿ. ದಿನವನ್ನು ಅಂಕೆಯಲ್ಲಿ ಬರೆಯದೆ ಕಟಪಯಾದಿಯ (ಅಕ್ಷರಕ್ಕೆ ಅಂಕೆಯ ಬೆಲೆ ಕೊಡುವ ಕ್ರಮ) ಪದದಲ್ಲಿ ಹುದುಗಿಸಿದ್ದೂ ಇರಬಹುದು. ಅದರಲ್ಲಿ ಕ, ಟ, ಪ, ಯ ನಾಲ್ಕಕ್ಕೂ ಬೆಲೆ ಒಂದು, ಮುಂದಿನ ಅಕ್ಷರಗಳಿಗೆ ಕ್ರಮವಾಗಿ ಎರಡು, ಮೂರು. ಬರಿಯ ಸ್ವರಕ್ಕೂ ಞ, ನಗಳಿಗೂ ಸೊನ್ನೆ. ಒತ್ತಕ್ಷರದಲ್ಲಿ ಕೊನೆಯ ವ್ಯಂಜನ ಮಾತ್ರ ಲೆಕ್ಕಕ್ಕೆ, ಅಂಕೆಗಳನ್ನು ಓದುವುದು ಬಲದಿಂದ ಎಡಕ್ಕೆ. ನಾರಾಯಣೀಯ ಎಂಬ ಸಂಸ್ಕೃತ ಸ್ತೋತ್ರಕಾವ್ಯದ ಕೊನೆಯ ‘ಆಯುರಾರೋಗ್ಯಸೌಖ್ಯಂ’ ಈ ಲೆಕ್ಕದಲ್ಲಿ 1712210. ಕಲಿಯುಗ ಶುರುವಾದಂದಿನಿಂದ ಅಷ್ಟು ದಿನ, ಅಂದರೆ 1586ನೇ ಇಸವಿ.

ಗರಿಯ ಅಕ್ಷರ ಮಸುಕಾಗಿದೆ ಅಂತ ತೆಂಗಿನೆಣ್ಣೆ ಸವರಬೇಡಿ. ಎಣ್ಣೆ ಕನರಿ ಧೂಳು ಹಿಡಿದು ಗರಿಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಓಲೆಯಲ್ಲಿ ಅಕ್ಷರವನ್ನು ಕಂಟದಿಂದ (ಚೂಪು ತುದಿಯ ಕಬ್ಬಿಣದ ಲೇಖನಿ) ಗೀರಿರುತ್ತಾರೆ, ಮಸಿ ಹೋದರೂ ಗೀರು ಹೋಗುವುದಿಲ್ಲ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಗರಿಯ ಮಟ್ಟಕ್ಕೇ ತಂದು ಬದಿಯಿಂದ ಬೆಳಕು ಹಾಯಿಸಿ, ಗೀರಿನೊಳಗೆ ನೆರಳು ಬಿದ್ದು ಓದಲು ಸಿಗುತ್ತದೆ.

ಕುಂಬಳೆಯಿಂದ: ದೇವರನಾಮದ ಪುಸ್ತಕದಲ್ಲಿ ಎರಡು ಚೀಟಿ. ಒಂದರ ಬರಹ ಕಂದಾಗಿ ಬಹುತೇಕ ಮಾಸಿದೆ, ಇನ್ನೊಂದು ನೇರಳೆ. ಓದುವುದು ಹೇಗೆ?

ಉತ್ತರ: ಮೊದಲು ಯಾವ ಮಸಿ ಅಂತ ಗುರುತಿಸಿ. ಕಂದು ಬಣ್ಣ, ಅಕ್ಷರದ ಸುತ್ತ ತೆಳು ಹಳದಿ ಅಂಚು, ದಪ್ಪ ಗೀಟುಗಳಲ್ಲಿ ಕಾಗದ ಬಿರಿದಿರುವುದು: ಇದು ಅಳಲೆಕಾಯಿಯಂಥ ಒಗರು ಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿದ ಕಬ್ಬಿಣದ ಮಸಿ. ಬರೆಯುವಾಗ ಕಪ್ಪಗಿದ್ದು ಕಾಲಕ್ರಮೇಣ ಕಂದಾಗುತ್ತದೆ, ಅದರ ಹುಳಿ ಎದುರು ಪುಟಕ್ಕೂ ದಾಟುತ್ತದೆ. ಅಂಥ ಚೀಟಿಯ ಎರಡೂ ಬದಿಗೆ ತೆಳು ಬಿಳಿ ಕಾಗದ ಇಡಬೇಕು. ದೀಪದ ಮಸಿಯಾದರೆ ನೂರು ವರ್ಷಕ್ಕೂ ಕಪ್ಪೇ, ಆದರೆ ನೀರು ತಾಗಿದರೆ ಎದ್ದುಬರಬಹುದು. ನೇರಳೆ ಅಂದರೆ ಕಾಪಿಯಿಂಗ್ ಪೆನ್ಸಿಲು, ಸೀಸದ ಜತೆ ಬಣ್ಣದ ಪುಡಿ ಸೇರಿಸಿದ್ದು. ಒಣಗಿರುವಾಗ ಸಾದಾ ಪೆನ್ಸಿಲಿನ ಹಾಗೆ ಬೂದಿ, ಪಸೆ ಕಂಡ ತಕ್ಷಣ ನೇರಳೆಯಾಗಿ ಹರಡುತ್ತದೆ. ಒಂದು ಹನಿ ಬೆವರು ಸಾಕು, ಒಂದು ಪದ ಅಳಿದುಹೋಗಲು. ನಿಮ್ಮದು ಆಗಲೇ ನೇರಳೆಯಾಗಿದ್ದರೆ ಒಮ್ಮೆ ಪಸೆ ತಾಗಿಯೇ ಇದೆ. ಕೈ ಒರೆಸಿಕೊಂಡು ಮುಟ್ಟಿ, ಮಳೆಗಾಲದಲ್ಲಿ ತೆಗೆಯಲೇ ಬೇಡಿ.

ಫೋಟೋವನ್ನು ಫ್ಲ್ಯಾಶ್ ಇಲ್ಲದೆ, ಕಿಟಕಿಯ ಬೆಳಕು ಎಡದಿಂದ ಬೀಳುವ ಹಾಗಿಟ್ಟು, ಫೋನನ್ನು ಕಾಗದಕ್ಕೆ ಸಮಾನಾಂತರ ಹಿಡಿದು ತೆಗೆಯಿರಿ. ಮೂಲ ಫೋಟೋ ಹಾಗೇ ಇಟ್ಟು ಪ್ರತಿಯೊಂದರ ಮೇಲೆ ಕೆಲಸ ಮಾಡಿ. ಫೋಟೋ ತಿದ್ದುವ ಆ್ಯಪಿನಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆಬೇರೆಯಾಗಿ ಕಪ್ಪು ಬಿಳುಪಿನಲ್ಲಿ ನೋಡುವ ಸೌಲಭ್ಯ ಇರುತ್ತದೆ. ಮಾಸಿದ ಕಂದು ಸಾಮಾನ್ಯವಾಗಿ ನೀಲಿ ಚಾನೆಲ್‌ನಲ್ಲಿ ಎದ್ದು ಕಾಣುತ್ತದೆ, ನೇರಳೆ ಹಸಿರಿನಲ್ಲಿ. ಆಮೇಲೆ ಕಾಂಟ್ರಾಸ್ಟ್ ಏರಿಸಿ. ಅಷ್ಟಕ್ಕೂ ಆಗದಿದ್ದರೆ 365 ನ್ಯಾನೋಮೀಟರಿನ ಅತಿನೇರಳೆ ಟಾರ್ಚು: ಕತ್ತಲಲ್ಲಿ ಕಾಗದ ಮಿನುಗುತ್ತದೆ, ಕಬ್ಬಿಣದ ಮಸಿ ಇದ್ದ ಜಾಗ ಮಿನುಗದೆ ಕಪ್ಪಾಗಿ ಉಳಿಯುತ್ತದೆ. ನೋಟು ಪರೀಕ್ಷೆಯ ಅಗ್ಗದ ಟಾರ್ಚುಗಳು ಹೆಚ್ಚಾಗಿ 395ರವು, ಅವುಗಳ ನೇರಳೆ ಬೆಳಕೇ ಕಣ್ಣಿಗೆ ಅಡ್ಡ ಬರುತ್ತದೆ. ಕೊಳ್ಳುವಾಗ ಸಂಖ್ಯೆ ನೋಡಿ. ಕೆಲವು ಕ್ಷಣ ಮಾತ್ರ ಹಾಯಿಸಿ, ಕಣ್ಣಿಗೆ ಕನ್ನಡಕ ಇರಲಿ.

ಮಾಸಿದ ಅಕ್ಷರದ ಮೇಲೆ ಪೆನ್ನಿನಿಂದ ತೀಡಿ ಸ್ಪಷ್ಟ ಮಾಡಿದೆವು ಅಂತ ಇನ್ನಿಬ್ಬರು ಬರೆದಿದ್ದಾರೆ. ಇನ್ನು ಅದರಲ್ಲಿ ಉಳಿದಿರುವುದು ತೀಡಿದವರು ಓದಿಕೊಂಡ ಅರ್ಥ ಮಾತ್ರ.

ಪೈವಳಿಕೆಯಿಂದ: ಯಕ್ಷಗಾನ ಪ್ರಸಂಗದ ಪುಸ್ತಕದಲ್ಲಿ ಪಾತ್ರದ ಹೆಸರಿನೆದುರು ಪೆನ್ಸಿಲಿನಲ್ಲಿ ಜನರ ಹೆಸರು, ಪದ್ಯಗಳಿಗೆ ಅಡ್ಡಗೀಟು. ಅಳಿಸಿ ಗ್ರಂಥಾಲಯಕ್ಕೆ ಕೊಡಲೇ?

ಉತ್ತರ: ಅಳಿಸಬೇಡಿ. ಅದು ತಾಳಮದ್ದಳೆಯ ಅರ್ಥಧಾರಿಗಳ ಪಟ್ಟಿ, ಅಡ್ಡಗೀಟು ಹಾಕಿದ್ದು ಹೊತ್ತು ಸಾಲದೆ ಬಿಟ್ಟ ಪದ್ಯಗಳಿಗೆ. ಅಚ್ಚಾದ ಪ್ರಸಂಗ ಎಲ್ಲಿಯೂ ಸಿಗುತ್ತದೆ, ಈ ಪೆನ್ಸಿಲಿನ ಬರಹ ಇರುವುದು ನಿಮ್ಮ ಪ್ರತಿಯಲ್ಲಿ ಮಾತ್ರ. ರಾಗ, ತಾಳದ ಹೆಸರು ಹೊಡೆದು ಬೇರೆ ಬರೆದಿದ್ದರೆ ಅದನ್ನೂ ಫೋಟೋ ತೆಗೆಯಿರಿ.

ಮಂಜೇಶ್ವರದಿಂದ: ನಮ್ಮ ಮನೆಯ ಕನ್ನಡ ಬೈಬಲಿನ ಮೊದಲ ಹಾಳೆಗಳಲ್ಲಿ ಹುಟ್ಟು, ದೀಕ್ಷಾಸ್ನಾನ, ಮದುವೆ, ಮರಣ ಬರೆದಿಟ್ಟಿದ್ದಾರೆ. ಸೋದರತ್ತೆ ಹೇಳುವ ಇಸವಿಗೂ ಅದಕ್ಕೂ ತಾಳೆ ಇಲ್ಲ. ಯಾವುದನ್ನು ನಂಬುವುದು?

ಉತ್ತರ: ಮಸಿಯನ್ನು ನೋಡಿ. ಒಂದೊಂದು ಸಾಲು ಒಂದೊಂದು ಮಸಿ, ಒಂದೊಂದು ಪೆನ್ನು, ಕೈಯೂ ಬೇರೆ ಅಂತಿದ್ದರೆ ಆಯಾ ಸಂದರ್ಭದಲ್ಲೇ ಬರೆದದ್ದು, ನಂಬಬಹುದು. ಮೂವತ್ತು ವರ್ಷದ ಸಂಗತಿಗಳೆಲ್ಲ ಒಂದೇ ಮಸಿಯಲ್ಲಿ ಒಂದೇ ಅಂದದಲ್ಲಿ ಇದ್ದರೆ ಯಾರೋ ಒಂದು ದಿನ ಕೂತು ನೆನಪಿನಿಂದಲೋ ಹಳೆ ಪುಸ್ತಕದಿಂದಲೋ ಇಳಿಸಿಕೊಂಡದ್ದು. ಪುಸ್ತಕ ಅಚ್ಚಾದ ಇಸವಿಯನ್ನೂ ನೋಡಿ, ಅದಕ್ಕಿಂತ ಹಿಂದಿನ ಸಂಗತಿಗಳು ಹೇಗೂ ನಕಲೇ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಅಚ್ಚುಕೂಟ ಹಾಕಿದ್ದು 1841ರಲ್ಲಿ, ಮೊದಲಿಗೆ ಕಲ್ಲಚ್ಚು. ನಕಲಾದ ಭಾಗವನ್ನು ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರಿನ ಜತೆ ತಾಳೆ ನೋಡಿ. ಮಿಶನ್ನಿನ ಹಳೆ ಕಾಗದಪತ್ರಗಳು ಮಂಗಳೂರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹದಲ್ಲೂ ಇವೆ. ಅತ್ತೆಯ ಮಾತನ್ನೂ ಬರೆದಿಟ್ಟುಕೊಳ್ಳಿ. ಇಸವಿ ತಪ್ಪಿರಬಹುದು, ‘ಅವಳಿಗಿಂತ ಇವನು ಆರು ತಿಂಗಳು ದೊಡ್ಡ’ ಎಂಬ ತರಹದ ನೆನಪು ತಪ್ಪುವುದು ಕಡಿಮೆ.

ಉಪ್ಪಳದಿಂದ: ರಟ್ಟು ಕಿತ್ತುಹೋದ ಪುಸ್ತಕವನ್ನು ಬೈಂಡಿಗೆ ಕೊಟ್ಟಾಗ ರಟ್ಟಿನೊಳಗೆ ಪದರ ಪದರವಾಗಿ ಬರೆದ ಕಾಗದ ಅಂಟಿಸಿದ್ದು ಕಂಡಿತು. ನೀರಲ್ಲಿ ನೆನೆಸಿದರೆ ಬಿಡಿಸಬಹುದು ಅನ್ನುತ್ತಾರೆ. ನಿಧಿಯ ನಕಾಶೆ ಅಡಗಿಸಿಟ್ಟದ್ದಿರಬಹುದೇ?

ಉತ್ತರ: ಅಡಗಿಸಿದ್ದಲ್ಲ. ಬೈಂಡು ಮಾಡುವವರು ರಟ್ಟಿಗೆ ದಪ್ಪ ಬರಲು, ಬೆನ್ನಿಗೆ ಒತ್ತಾಸೆಯಾಗಲು ಕೈಗೆ ಸಿಕ್ಕಿದ ರದ್ದಿ ಸೇರಿಸುತ್ತಿದ್ದರು: ಕೋರ್ಟಿನ ಹಳೆ ಕಾಗದ, ಅಂಗಡಿಯ ಲೆಕ್ಕ, ತಪ್ಪಚ್ಚಾದ ಹಾಳೆ. ಹಾಗಾಗಿ ರಟ್ಟಿನೊಳಗಿನ ಬರಹಕ್ಕೂ ಪುಸ್ತಕದ ಮನೆಗೂ ಸಂಬಂಧ ಇರಲೇಬೇಕೆಂದಿಲ್ಲ, ಬೈಂಡು ಮಾಡಿದ ಊರಿಗೂ ಕಾಲಕ್ಕೂ ಸಂಬಂಧ. ರದ್ದಿಯಲ್ಲಿ 1931 ಅಂತಿದ್ದರೆ ಬೈಂಡು ಅದರ ಆಮೇಲಿನದು, ಅಷ್ಟು ಖಚಿತ.

ನೆನೆಸುವುದು ಸುತರಾಂ ಬೇಡ. ಅಂಟು ಮೈದಾದ್ದು, ಹುಳ ಹಿಡಿಯದಿರಲು ಮೈಲುತುತ್ತ ಸೇರಿಸಿರಬಹುದು. ಮೈದಾ ನೀರಿಗೆ ಬಿಡುವುದು ನಿಜ, ಆದರೆ ಮಸಿಯೂ ಬಿಡುತ್ತದೆ. ಮೊದಲು ಪರೀಕ್ಷೆ: ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನು ಸಣ್ಣ ಬ್ರಶ್ಶಿನ ತುದಿಯಲ್ಲಿ ತೆಗೆದು, ಬರಹದ ಮೂಲೆಯ ಒಂದು ಚುಕ್ಕೆಗೆ ತಾಗಿಸಿ, ಒಂದು ನಿಮಿಷ ಬಿಟ್ಟು ಬಿಳಿ ಬ್ಲಾಟಿಂಗ್ ಪೇಪರ್ ಒತ್ತಿ. ಎಷ್ಟು ಬಗೆಯ ಮಸಿ ಇದೆಯೋ ಅಷ್ಟಕ್ಕೂ ಬೇರೆಬೇರೆಯಾಗಿ ಮಾಡಿ. ಬಣ್ಣ ಸ್ವಲ್ಪ ಇಳಿದರೂ ನಿಲ್ಲಿಸಿ. ಇಳಿಯದಿದ್ದರೂ ಪದರ ಬಿಡಿಸುವುದು ಸಂರಕ್ಷಣೆ ಕಲಿತವರ ಕೆಲಸ. ಅವರು ನೀರು ಸುರಿಯುವುದಿಲ್ಲ, ಗಂಜಿಯಂಥ ಮಿಥೈಲ್ ಸೆಲ್ಯುಲೋಸ್ ಸವರಿ ಪಸೆಯನ್ನು ಅಂಟಿಗೆ ಮಾತ್ರ ಮುಟ್ಟಿಸುತ್ತಾರೆ. ಸದ್ಯಕ್ಕೆ ಹಳೆ ರಟ್ಟನ್ನು ಹಾಗೇ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟು, ಪುಸ್ತಕಕ್ಕೆ ಹೊಸ ರಟ್ಟು ಹಾಕಿಸಿ. ಅಂಚು ಕತ್ತರಿಸಬೇಡಿ ಅಂತ ಬೈಂಡಿನವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ. ಮೂರು ಬದಿ ಸವರಿ ನುಣ್ಣಗೆ ಮಾಡಿಕೊಡುವುದೇ ಒಳ್ಳೆಯ ಕೆಲಸ ಅಂತ ಅವರ ಎಣಿಕೆ, ಅಂಚಿನ ಟಿಪ್ಪಣಿಗಳೆಲ್ಲ ಆ ಚೂರುಗಳಲ್ಲಿ ಹೋಗುತ್ತವೆ. ಹರಿದಲ್ಲಿಗೆ ಸೆಲೋಟೇಪೂ ಬೇಡ, ಅದರ ಗೋಂದು ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ.

ಜತ್ತದಿಂದ: ನಮ್ಮಲ್ಲಿಯ ಕನ್ನಡ ಪುರಾಣದ ಹಸ್ತಪ್ರತಿಯೊಳಗೆ ಮರಾಠಿಯೂ ಅಲ್ಲದ, ಕನ್ನಡವೂ ಅಲ್ಲದ ಬರಹ. ಉದ್ದಕ್ಕೆ ಗೆರೆ ಎಳೆದು ಅಕ್ಷರ ಜೋತುಬಿಟ್ಟಂತಿದೆ.

ಉತ್ತರ: ಮೋಡಿ ಲಿಪಿ, ಭಾಷೆ ಹೆಚ್ಚಾಗಿ ಮರಾಠಿಯೇ. ಮೊದಲು ಹಾಳೆಯ ಅಗಲಕ್ಕೂ ಗೆರೆ ಎಳೆದು, ಕೈ ಎತ್ತದೆ ಅಕ್ಷರ ಕೂಡಿಸುತ್ತ ಹೋಗುತ್ತಿದ್ದರು. ಪದಗಳ ನಡುವೆ ಸಂದು ಬಿಡುತ್ತಿರಲಿಲ್ಲ. ನಿಮ್ಮ ಕಡೆ ಓದು ಕನ್ನಡದಲ್ಲಿ, ದಫ್ತರು ಮೋಡಿಯಲ್ಲಿ, ಎರಡೂ ಒಂದೇ ಮನೆಯಲ್ಲಿ ಇದ್ದದ್ದು ಸಹಜ. ಹಳೆಯ ಕಾಗದಗಳಲ್ಲಿ ವರ್ಷವನ್ನು ಅರಬಿ ಸಂಖ್ಯಾಪದಗಳಲ್ಲಿ ಬರೆದಿರುತ್ತಾರೆ: ‘ಅರ್ಬಾ ಸಲಾಸೀನ್ ಮಯಾ ವ ಅಲಫ್’ ಅಂದರೆ ನಾಲ್ಕು, ಮೂವತ್ತು, ನೂರು, ಸಾವಿರ, ಒಟ್ಟು 1134. ಇದು ಮರಾಠರ ದಫ್ತರುಗಳಲ್ಲಿ ಬಳಸುತ್ತಿದ್ದ ಶುಹೂರ್ ಎಂಬ ವರ್ಷಗಣನೆ. ಅದಕ್ಕೆ 599 ಕೂಡಿದರೆ 1733, ಮೃಗಶಿರಾ ಮಳೆಯಿಂದ ವರ್ಷಾರಂಭ. ಓದಿಸಲು ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ ವಿಚಾರಿಸಿ. ಮೋಡಿ ಬಲ್ಲವರು ನಿಮ್ಮ ಸುತ್ತಮುತ್ತಲೇ ಇರಲೂ ಸಾಕು.

ದೇಲಂಪಾಡಿಯಿಂದ: ಗೀತೆಯ ಪುಸ್ತಕದಲ್ಲಿ ನಮ್ಮ ಹಿರಿಯರು ಗದ್ದೆ ಗೇಣಿಗೆ ಕೊಟ್ಟ ಬಗ್ಗೆ ಚೀಟಿ ಇದೆ. ಇದರ ಮೇಲೆ ಗದ್ದೆ ಕೇಳಬಹುದೇ? ಹಳೆ ಗ್ರಂಥ ಮಾರಲು ಅಡ್ಡಿ ಇದೆಯೇ?

ಉತ್ತರ: ಗದ್ದೆಯ ಆಸೆ ಬಿಡಿ. ಗೇಣಿದಾರರ ಕೈಯಲ್ಲಿದ್ದ ಜಮೀನಿನ ಮೇಲಿನ ಧಣಿಯ ಹಕ್ಕು ಕೇರಳದಲ್ಲಿ 1970ರ ಜನವರಿ 1ರಿಂದ ಸರಕಾರಕ್ಕೆ ಸೇರಿದೆ. ಬೇರೆ ವಿಷಯಕ್ಕೆ, ಉದಾಹರಣೆಗೆ ಸಂಬಂಧ ತೋರಿಸಲು, ದಾರಿ ಎಲ್ಲಿತ್ತೆಂದು ಹೇಳಲು, ಚೀಟಿ ಉಪಯೋಗಕ್ಕೆ ಬಂದೀತು. ಮೂವತ್ತು ವರ್ಷ ದಾಟಿದ ದಸ್ತಾವೇಜು ಇರಬೇಕಾದವರ ವಶದಲ್ಲೇ ಇದ್ದು ಬಂದಿದ್ದರೆ ಅದರ ಸಹಿ, ಕೈಬರಹಗಳನ್ನು ಕೋರ್ಟು ಸಾಚಾ ಎಂದು ಭಾವಿಸಬಹುದು. ಹಿಂದೆ ಇದು 1872ರ ಸಾಕ್ಷ್ಯ ಕಾಯ್ದೆಯ 90ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 92. ‘ಭಾವಿಸಬಹುದು’ ಅಷ್ಟೇ, ಬರೆದದ್ದು ನಿಜ ಅಂತ ಅರ್ಥವಲ್ಲ. ವಶದ ಪ್ರಶ್ನೆ ಬಂದಾಗ ಮೊದಲ ಉತ್ತರದಲ್ಲಿ ಹೇಳಿದ ಆ ಮೂರು ಫೋಟೋ ನಿಮ್ಮ ನೆರವಿಗೆ ಬರುತ್ತವೆ. ಮುಂದಿನದಕ್ಕೆ ವಕೀಲರನ್ನು ಕಾಣಿ.

ಮಾರಾಟದ ವಿಷಯ: ಸಾಹಿತ್ಯ, ಇತಿಹಾಸ, ವಿಜ್ಞಾನದ ದೃಷ್ಟಿಯಿಂದ ಮಹತ್ವದ, 75 ವರ್ಷಕ್ಕಿಂತ ಹಳೆಯ ಹಸ್ತಪ್ರತಿ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ, ಒಳಗೆ ಅದರ ವ್ಯಾಪಾರ ನಡೆಸಲೂ ಲೈಸೆನ್ಸು ಬೇಕು. ಮನೆಗೆ ಬಂದು ಕಟ್ಟಿಗೆ ಇಂತಿಷ್ಟು ಅಂತ ಕೊಳ್ಳುವವರನ್ನು ಜಗಲಿಯಿಂದಲೇ ಕಳಿಸುವುದು ಕ್ಷೇಮ.

ಅಡೂರು, ಬಂದ್ಯೋಡು ಮತ್ತು ಇನ್ನೂ ಕೆಲವರಿಂದ: ಮಳೆಗಾಲದಲ್ಲಿ ಬೂಷ್ಟು, ಬೆಳ್ಳಿಹುಳ, ಒರಲೆ. ನುಸಿಗುಳಿಗೆ ಹಾಕಬಹುದೇ? ಬಿಸಿಲಿಗೆ ಹಾಕಬಹುದೇ?

ಉತ್ತರ: ಎರಡೂ ಬೇಡ. ನುಸಿಗುಳಿಗೆಯ ವಾಸನೆ ಮನುಷ್ಯರಿಗೂ ಒಳ್ಳೆಯದಲ್ಲ, ಒಳಗೆ ಸೇರಿದ ಹುಳ ಅದಕ್ಕೆ ಸಾಯುವುದೂ ಕಡಿಮೆ. ಬಿಸಿಲು ಬೂಷ್ಟನ್ನು ಒಣಗಿಸುವಷ್ಟೇ ವೇಗದಲ್ಲಿ ಕಾಗದವನ್ನು ಹಪ್ಪಳ ಮಾಡಿ ಮಸಿಯನ್ನೂ ಮಾಸಿಸುತ್ತದೆ. ಗಾಳಿಯ ತೇವ ನೂರಕ್ಕೆ 65 ದಾಟಿದರೆ ಬೂಷ್ಟಿಗೆ ಅನುಕೂಲ, ನಮ್ಮ ಮಳೆಗಾಲದಲ್ಲಿ 80ರ ಮೇಲೆಯೇ ಇರುತ್ತದೆ. ಆದ್ದರಿಂದ ಕೆಲಸಗಳನ್ನು ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸಿ, ಒಣಗಿದ ಪುಸ್ತಕವನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಡಿ. 20 ಲೀಟರಿನ ಡಬ್ಬಕ್ಕೆ 100ರಿಂದ 150 ಗ್ರಾಂ ಸಿಲಿಕಾ ಜೆಲ್ ಬಟ್ಟೆಯ ಚೀಲದಲ್ಲಿ ಹಾಕಿ. ಕಿತ್ತಳೆ ಬಣ್ಣದ ಹರಳು ಹಸಿರಾದರೆ ತೇವ ತುಂಬಿದೆ, 120 ಡಿಗ್ರಿ ಓವನ್ನಿನಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಒದ್ದೆ ಪುಸ್ತಕವನ್ನು ಡಬ್ಬಕ್ಕೆ ಹಾಕಿ ಮುಚ್ಚಿದರೆ ಮಾತ್ರ ಕಪಾಟಿಗಿಂತ ಕೆಟ್ಟದಾಗುತ್ತದೆ. ಕಪಾಟೇ ಆದರೆ ಹೊರಗೋಡೆಯಿಂದ ಒಂದು ಗೇಣಾದರೂ ದೂರ ಇರಲಿ, ಮುರಕಲ್ಲಿನ ಗೋಡೆ ಪಸೆ ಹೀರುತ್ತದೆ.

ಬೂಷ್ಟು ಬಂದದ್ದನ್ನು ಬೇರೆಯಿಟ್ಟು, ಒಣಗಿದ ಮೇಲೆ, ಮೂಗಿಗೆ ಎನ್-95 ಮಾಸ್ಕ್ ಹಾಕಿ, ಅಂಗಳದಲ್ಲಿ ಮೆತ್ತನೆ ಬ್ರಶ್ಶಿನಿಂದ ಹೊರಮುಖವಾಗಿ ಗುಡಿಸಿ. ಒದ್ದೆ ಬಟ್ಟೆ ಹಾಕಿ ಒರೆಸಿದರೆ ಅದನ್ನು ಒಳಕ್ಕೆ ತಿಕ್ಕಿದಂತೆ. ಹುಳ ಇದ್ದರೆ ಕಾಗದದ ಪುಸ್ತಕವನ್ನು ಎರಡು ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಇಡೀ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಹೊರಗಾಳಿಯ ನೀರೆಲ್ಲ ತಣ್ಣನೆ ಕಾಗದದ ಮೇಲೆ ಇಳಿಯುತ್ತದೆ. ಬಜೆಯ ತುಂಡು ಇಡುವ ಹಳೆ ಕ್ರಮ ಒಳ್ಳೆಯದೇ, ಬಟ್ಟೆಯಲ್ಲಿ ಕಟ್ಟಿ ಪುಸ್ತಕಕ್ಕೆ ತಾಗದಂತೆ ಇಡಿ, ಅದರ ಎಣ್ಣೆ ಕಲೆ ಮಾಡುತ್ತದೆ.

ವರ್ಕಾಡಿಯಿಂದ: ನಮ್ಮ ಓಲೆಗಳು ಮಲಯಾಳದಂತೆ ಕಾಣುತ್ತವೆ, ಆದರೆ ಮಲಯಾಳ ಮೇಷ್ಟ್ರಿಗೆ ಓದಲಾಗಲಿಲ್ಲ. ಯಾರಿಗೆ ತೋರಿಸುವುದು?

ಉತ್ತರ: ತುಳು ಲಿಪಿ, ಅಂದರೆ ತಿಗಳಾರಿ ಇರಬೇಕು. ಮಲಯಾಳಕ್ಕೆ ಹತ್ತಿರದ ನೆಂಟ, ‘ಎ’ಕಾರದ ಕೊಂಬು ಮಲಯಾಳದಂತೆಯೇ ಅಕ್ಷರದ ಎಡಕ್ಕೆ ಬರುತ್ತದೆ. ಒಳಗಿನ ಭಾಷೆ ಹೆಚ್ಚಿನ ಕಡೆ ಸಂಸ್ಕೃತ, ಮೇಷ್ಟ್ರು ತಡವರಿಸಿದ್ದರಲ್ಲಿ ಅದರ ಪಾಲೂ ಇದ್ದೀತು. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ, ಧರ್ಮಸ್ಥಳದ ಹಸ್ತಪ್ರತಿ ಸಂಗ್ರಹ, 1891ರಲ್ಲಿ ಆರಂಭವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ತಿರುವನಂತಪುರ ಕಾರ್ಯವಟ್ಟದ ಕೇರಳ ವಿಶ್ವವಿದ್ಯಾಲಯದ ಹಸ್ತಪ್ರತಿ ಗ್ರಂಥಾಲಯ, ಇವುಗಳಲ್ಲಿ ಹತ್ತಿರದ್ದಕ್ಕೆ ಬರೆಯಿರಿ. ಮೊದಲ ಗರಿ, ಕೊನೆಯ ಗರಿ, ನಡುವಿನದೊಂದು, ಹೀಗೆ ಮೂರರ ಫೋಟೋ ಕಳಿಸಿದರೆ ಯಾವ ಗ್ರಂಥ ಅಂತ ಬಲ್ಲವರು ಹೇಳಬಹುದು, ಕಟ್ಟು ಹೊತ್ತುಕೊಂಡು ಹೋಗುವ ಅಗತ್ಯ ಇಲ್ಲ. ಕಟ್ಟನ್ನೇ ಕೊಡುವುದಾದರೆ ಗರಿಗಳನ್ನು ಎಣಿಸಿ, ದಾನವೋ ಓದಿ ಹಿಂದಿರುಗಿಸಲಿಕ್ಕೋ ಎಂಬುದನ್ನು ರಶೀದಿಯಲ್ಲಿ ಬರೆಸಿಕೊಳ್ಳಿ. ಮರದ ಪಟ್ಟಿ, ಹುರಿ, ಸುತ್ತಿದ ಬಟ್ಟೆ, ನಡುವೆ ಸಿಕ್ಕಿದ ಚೀಟಿಗಳು ಎಷ್ಟು ಅಂತಲೂ ಆ ರಶೀದಿಯಲ್ಲೇ ಇರಲಿ.